ಜಗಳಗಂಟ ಸಿಕ್ಲಿಡ್‌ಗಳ ಮರಿ ಮಾಡಿಸುವುದು: ಮೀನಿಗಿಂತ ಮೊದಲು ತಡೆಯನ್ನು ಆರಿಸಿ

ಅಕ್ವೇರಿಯಂನಲ್ಲಿ ಸಾಕುವ ಸಿಕ್ಲಿಡ್ ಕುಟುಂಬದ ಮೀನುಗಳ ಬ್ರೀಡಿಂಗ್ ಮಾಡಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಮೀನು ಕೊಳ್ಳುತ್ತಾರೆ, ಆಮೇಲೆ ಟ್ಯಾಂಕ್ ಸಾಲುವುದಿಲ್ಲವೆಂದು ತಿಳಿಯುತ್ತದೆ. ಅಷ್ಟು ಹೊತ್ತಿಗೆ ಹೆಣ್ಣುಮೀನಿನ ಬಾಲ ಹರಿದು ಚೂರಾಗಿರುತ್ತದೆ. ಈ ಕ್ರಮ ತಲೆಕೆಳಗಾಗಬೇಕು. ಮೊದಲು ನಿಮ್ಮಲ್ಲಿರುವ ಟ್ಯಾಂಕಿನ ಉದ್ದ ನೋಡಿ. ನಂತರ ಗಂಡು ಹೆಣ್ಣಿನ ನಡುವೆ ಯಾವ ಬಗೆಯ ತಡೆ ಇಡುತ್ತೀರಿ ಎಂದು ತೀರ್ಮಾನಿಸಿ. ಮೀನಿನ ಜಾತಿ ಕೊನೆಯ ಪ್ರಶ್ನೆ.

ಯಾಕೆಂದರೆ ಈ ಮೀನುಗಳಿಂದ ಮೊಟ್ಟೆ ಇಡಿಸುವುದು ಕಷ್ಟವೇ ಅಲ್ಲ. ಹೊಟ್ಟೆತುಂಬ ಆಹಾರ, 26ರಿಂದ 28 ಡಿಗ್ರಿ ನೀರು, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುವುದು, ಇಷ್ಟು ಸಿಕ್ಕರೆ ಇಡುತ್ತವೆ. ಕಷ್ಟವಿರುವುದು ಹೆಣ್ಣನ್ನು ಬದುಕಿಸಿಕೊಳ್ಳುವುದರಲ್ಲಿ. ಮಧ್ಯ ಅಮೆರಿಕದ ಕೆರೆ ಹೊಳೆಗಳಲ್ಲಿ ಮೊಟ್ಟೆಗೆ ಸಿದ್ಧವಿಲ್ಲದ ಹೆಣ್ಣು ಗಂಡಿನ ಜಾಗ ಬಿಟ್ಟು ದೂರ ಹೋಗುತ್ತದೆ, ಅಲ್ಲಿಗೆ ಜಗಳ ಮುಗಿಯುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಅದಕ್ಕೆ ಹೋಗಲು ಜಾಗವೇ ಇಲ್ಲ. ಮೊಟ್ಟೆಯೂ ಇಡದೆ, ಜಾಗವೂ ಬಿಡದೆ ಕಣ್ಣೆದುರೇ ಇರುವ ಮೀನನ್ನು ಗಂಡು ಎದುರಾಳಿಯೆಂದೇ ಎಣಿಸಿ ಹೊಡೆಯುತ್ತಲೇ ಹೋಗುತ್ತದೆ. ಆದ್ದರಿಂದ ಇಲ್ಲಿನ ಎಲ್ಲ ಉಪಾಯಗಳ ಗುರಿಯೂ ಒಂದೇ: ಹೆಣ್ಣಿಗೆ ತಪ್ಪಿಸಿಕೊಳ್ಳುವ ದಾರಿ ಮಾಡಿಕೊಡುವುದು.

ಯಾವ ಉದ್ದಕ್ಕೆ ಯಾವ ಮೀನು

3 ಅಡಿ ಉದ್ದ, ಒಂದೂಕಾಲು ಅಡಿ ಅಗಲ ಮತ್ತು ಎತ್ತರದ ಟ್ಯಾಂಕಿನಲ್ಲಿ ಸುಮಾರು 130 ಲೀಟರ್ ನೀರು ಹಿಡಿಯುತ್ತದೆ. ಇದಕ್ಕೆ ಒಪ್ಪುವ ಮೀನು ಕಾನ್ವಿಕ್ಟ್. ಗಂಡು 10–12 ಸೆಂ.ಮೀ., ಹೆಣ್ಣು ಅದಕ್ಕಿಂತ ಎದ್ದು ಕಾಣುವಷ್ಟು ಚಿಕ್ಕದು. ಲಿಂಗ ಗುರುತಿಸುವುದೂ ಸುಲಭ. ಇಲ್ಲಿ ಬಣ್ಣ ಇರುವುದು ಹೆಣ್ಣಿಗೆ: ಹೊಟ್ಟೆಯ ಎರಡೂ ಪಕ್ಕದಲ್ಲಿ ಕಿತ್ತಳೆ ಹೊಳಪು ಕಾಣುತ್ತದೆ. ಒಂದು ಸಲಕ್ಕೆ 100ರಿಂದ 300 ಮೊಟ್ಟೆ. ಗಾತ್ರದಲ್ಲಿ ಚಿಕ್ಕದಾದರೂ ಮರಿ ಕಾಯುವಾಗ ತನಗಿಂತ ಎರಡು ಪಟ್ಟು ದೊಡ್ಡ ಮೀನನ್ನು ಓಡಿಸುತ್ತದೆ. ಮೊದಲ ಸಲ ಬ್ರೀಡಿಂಗ್ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಮೀನಿಲ್ಲ. ದುಬಾರಿ ಮೀನಿನ ಮೇಲೆ ಕಲಿಯುವ ಬದಲು ಇದರ ಮೇಲೆ ಕಲಿಯಿರಿ.

4 ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರ ಎಂದರೆ ಸುಮಾರು 255 ಲೀಟರ್. ಇದು ಜ್ಯಾಕ್ ಡೆಂಪ್ಸಿ ಜೋಡಿಗೆ ಬೇಕಾದ ಕನಿಷ್ಠ ಜಾಗ. 1919ರಿಂದ 1926ರವರೆಗೆ ಹೆವಿವೇಟ್ ಚಾಂಪಿಯನ್ ಆಗಿದ್ದ ಅಮೆರಿಕದ ಬಾಕ್ಸರ್ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ. ಆದರೆ ಮರಿಯಾಗಿದ್ದಾಗ ಇದು ಅಂಜುಬುರುಕ, ಜೋಡಿಯಾದ ಮೇಲಷ್ಟೇ ಹೆಸರಿಗೆ ತಕ್ಕಂತೆ ನಡೆದುಕೊಳ್ಳುತ್ತದೆ. ಹೆಣ್ಣಿನ ಕಿವಿರು ಮುಚ್ಚಳದ ಕೆಳಭಾಗದಲ್ಲಿ ನೀಲಿ ಮಚ್ಚೆಗಳು ದಟ್ಟವಾಗಿರುತ್ತವೆ, ಗಂಡಿನಲ್ಲಿ ಕಡಿಮೆ. ಗಂಡು 20 ಸೆಂ.ಮೀ. ದಾಟುತ್ತದೆ, ಮೊಟ್ಟೆ 500ರ ಮೇಲೆಯೇ ಇರುತ್ತವೆ. ‘ಎಲೆಕ್ಟ್ರಿಕ್ ಬ್ಲೂ’ ಎಂದು ಮಾರುವ ನೀಲಿ ಬಗೆ ದುರ್ಬಲ, ಮರಿಗಳು ಬದುಕುವುದು ಕಷ್ಟ. ಬ್ರೀಡಿಂಗ್ ಉದ್ದೇಶವಿದ್ದರೆ ಸಾಮಾನ್ಯ ಬಗೆಯನ್ನೇ ತನ್ನಿ.

ರೆಡ್ ಡೆವಿಲ್ ಮತ್ತು ಮೈಡಾಸ್ ನಿಕರಾಗ್ವದ ಸರೋವರಗಳ ಮೀನುಗಳು. ನಮ್ಮ ಅಂಗಡಿಗಳಲ್ಲಿ ರೆಡ್ ಡೆವಿಲ್ ಹೆಸರಿನಲ್ಲಿ ಸಿಗುವುದರಲ್ಲಿ ಎರಡರ ಮಿಶ್ರಣವೇ ಹೆಚ್ಚು. 25–30 ಸೆಂ.ಮೀ. ಬೆಳೆಯುತ್ತವೆ, 6 ಅಡಿ ಉದ್ದ, 2 ಅಡಿ ಅಗಲ ಮತ್ತು ಎತ್ತರದ ಟ್ಯಾಂಕ್ ಬೇಕು, ಅಂದರೆ 680 ಲೀಟರಿನ ಆಸುಪಾಸು. ಈ ಮೀನಿನ ವರ್ತನೆಯನ್ನು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಅಧ್ಯಯನ ಮಾಡಿದ ಜಾರ್ಜ್ ಬಾರ್ಲೋ ಕಂಡುಕೊಂಡ ಒಂದು ಸಂಗತಿ ಜೋಡಿ ಆರಿಸುವವರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಒಂದೇ ಗಾತ್ರದ ಎರಡು ಮೈಡಾಸ್‌ಗಳಲ್ಲಿ ಚಿನ್ನದ ಬಣ್ಣದ್ದು ಬೂದು ಪಟ್ಟೆಯದರ ಮೇಲೆ ಮೇಲುಗೈ ಸಾಧಿಸುತ್ತದೆ. ಹಾಗಾಗಿ ಬೂದು ಹೆಣ್ಣಿಗೆ ಚಿನ್ನದ ಬಣ್ಣದ ದೊಡ್ಡ ಗಂಡನ್ನು ಜೊತೆ ಮಾಡಿದರೆ ಮೊದಲೇ ಇರುವ ಅಂತರವನ್ನು ಇನ್ನಷ್ಟು ಹೆಚ್ಚಿಸಿದಂತೆ. ಇಬ್ಬರೂ ಒಂದೇ ಬಣ್ಣವಿರಲಿ, ಇಲ್ಲವೇ ಹೆಣ್ಣು ಚಿನ್ನದ ಬಣ್ಣದ್ದಾಗಿರಲಿ.

ಜಾಗ್ವಾರ್ ಸಿಕ್ಲಿಡ್‌ಗೂ 6 ಅಡಿಯೇ ಕನಿಷ್ಠ, ಮೊಟ್ಟೆ ಸಾವಿರಗಳಲ್ಲಿ. ಸಾವಿರಾರು ಮರಿಗಳಿಗೆ ಮನೆಯಲ್ಲಿ ಜಾಗ ಮಾಡಲಾಗದು. ಸಾಕಿ ನೋಡಿ ಸಂತೋಷಪಡಲು ಸರಿ, ಮರಿ ಮಾಡಿಸಲು ಬೇಡ.

ಫ್ಲವರ್‌ಹಾರ್ನ್ ಬಗ್ಗೆ ಕೇಳುವವರು ಬಹಳ ಮಂದಿ, ಬೆಲೆಯ ಕಾರಣಕ್ಕೆ. ಅದು 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಬೇರೆ ಬೇರೆ ಸಿಕ್ಲಿಡ್‌ಗಳನ್ನು ಕೂಡಿಸಿ ಮಾಡಿದ ಮಿಶ್ರತಳಿ. ಗಂಡುಗಳಲ್ಲಿ ಬಂಜೆತನ ಸಾಮಾನ್ಯ. ಹೆಣ್ಣು ಮೊಟ್ಟೆ ಇಡುತ್ತದೆ, ಗಂಡು ಮೇಲೆ ಹಾದುಹೋಗುತ್ತದೆ, ಎರಡನೆಯ ದಿನ ಎಲ್ಲವೂ ಬಿಳಿ, ಅಂದರೆ ಫಲಿಸದೆ ಕೆಟ್ಟಿವೆ. ಮರಿಯಾದರೂ ತಲೆಯುಬ್ಬು ಬರುವುದು ಕೆಲವಕ್ಕೆ ಮಾತ್ರ, ಉಳಿದವನ್ನು ಯಾರೂ ಕೊಳ್ಳುವುದಿಲ್ಲ. ಬ್ಲಡ್ ಪ್ಯಾರೆಟ್ ಎಂಬ ಇನ್ನೊಂದು ಮಿಶ್ರತಳಿಯ ಕಥೆಯೂ ಇದೇ: ಗಂಡುಗಳು ಹೆಚ್ಚಾಗಿ ಬಂಜೆ.

ನಮ್ಮ ನೆಲದ ಸಿಕ್ಲಿಡ್ ಯಾಕಾಗಬಾರದು ಎಂಬ ಪ್ರಶ್ನೆ ಬರುತ್ತದೆ. ಭಾರತಕ್ಕೆ ಸ್ವಂತವಾದ ಸಿಕ್ಲಿಡ್‌ಗಳು ಮೂರೇ ಜಾತಿ, ಅವುಗಳಲ್ಲಿ ಎಟ್ರೋಪ್ಲಸ್ ಕೆನರೆನ್ಸಿಸ್ ನಮ್ಮ ದಕ್ಷಿಣ ಕನ್ನಡದ ನೇತ್ರಾವತಿ ಕಡೆಯ ನೀರಿನದು. ಅದು ಸಾಧು ಮೀನು, ಅಳಿವಿನಂಚಿನದು, ಈ ಬರಹದ ತಡೆಗಳ ಅಗತ್ಯ ಅದಕ್ಕಿಲ್ಲ. ಹೊಳೆಯಿಂದ ಹಿಡಿದು ತಂದದ್ದನ್ನು ಕೊಳ್ಳಲೇಬೇಡಿ.

ಮೂರು ತಡೆಗಳು

*ತಡೆಯೇ ಇಲ್ಲದ ಟ್ಯಾಂಕ್.* ಇಲ್ಲಿ ಗಂಡಿನ ಸಿಟ್ಟನ್ನು ಹೆಣ್ಣಿನ ಮೇಲಿಂದ ಬೇರೆ ಮೀನುಗಳ ಕಡೆಗೆ ತಿರುಗಿಸುತ್ತೇವೆ. ಚುರುಕಾಗಿ ಈಜುವ 6–8 ಜಯಂಟ್ ಡ್ಯಾನಿಯೊ ಅಥವಾ ರೋಸಿ ಬಾರ್ಬ್ ಸಾಕು. ಜೋಡಿ ಅವನ್ನು ಓಡಿಸುವುದರಲ್ಲಿ ತೊಡಗುತ್ತದೆ, ಹೊರಗಿನ ಶತ್ರು ಇದ್ದಷ್ಟು ದಿನ ಗಂಡು ಹೆಣ್ಣು ಒಂದು ಪಕ್ಷವಾಗಿರುತ್ತವೆ. ಇದು ಕಾನ್ವಿಕ್ಟ್‌ಗೆ ಚೆನ್ನಾಗಿ ನಡೆಯುತ್ತದೆ. ಜ್ಯಾಕ್ ಡೆಂಪ್ಸಿಗೆ ಹೊಂದಿಕೊಂಡ ಜೋಡಿಯಾದರೆ ನಡೆಯುತ್ತದೆ. ರೆಡ್ ಡೆವಿಲ್‌ಗೆ ನಡೆಯುವುದಿಲ್ಲ: ಅದು ಮೊದಲು ಓಡಿಸಬೇಕಾದ ಮೀನನ್ನು ಕೊಂದು, ಆಮೇಲೆ ಹೆಣ್ಣಿನ ಕಡೆ ತಿರುಗುತ್ತದೆ.

ಈ ವಿಧಾನದಲ್ಲಿ ಅಡಗುತಾಣಗಳೇ ಜೀವಾಳ. ಒಂದು ಬದಿ ಮುಚ್ಚಿದ ಗುಹೆ ಅಡಗುತಾಣವಲ್ಲ, ಅದು ಬಲೆ. ಹೆಣ್ಣು ಒಳಗೆ ಹೋದರೆ ಗಂಡು ಬಾಯಿಯಲ್ಲಿ ನಿಂತು ಬಿಡುತ್ತದೆ. ಎರಡೂ ಕಡೆ ತೆರೆದ ಪಿವಿಸಿ ಪೈಪ್ ತುಂಡು ಬಳಸಿ. ಕಾನ್ವಿಕ್ಟ್ ಹೆಣ್ಣಿಗೆ ಒಂದೂವರೆ ಇಂಚಿನದು ಸಾಕು, ಬೆಳೆದ ಗಂಡಿಗೆ ಅದರಲ್ಲಿ ತಿರುಗಲು ಆಗುವುದಿಲ್ಲ. ಕನಿಷ್ಠ ಮೂರು ತುಂಡುಗಳಿರಲಿ, ಒಂದು ನೀರಿನ ಮೇಲ್ಮಟ್ಟದ ಹತ್ತಿರ ತೇಲುವಂತೆ ಕಟ್ಟಿರಲಿ. ಸೋತ ಮೀನು ಮೇಲಿನ ಮೂಲೆಗೇ ಹೋಗುತ್ತದೆ, ಆಸರೆ ಬೇಕಾದದ್ದು ಅಲ್ಲಿ.

ಇದರ ನಷ್ಟ ಏನೆಂದರೆ, ಡ್ಯಾನಿಯೊಗಳು ಕತ್ತಲಲ್ಲಿ ಮರಿಗಳನ್ನು ತಿನ್ನುತ್ತವೆ. ಮರಿ ಈಜಲು ಶುರುಮಾಡಿದ ದಿನ ಅರ್ಧ ಡ್ಯಾನಿಯೊಗಳನ್ನು ತೆಗೆಯಿರಿ. ಎಲ್ಲವನ್ನೂ ತೆಗೆದರೆ ಗಂಡಿಗೆ ಓಡಿಸಲು ಹೆಣ್ಣೊಂದೇ ಉಳಿಯುತ್ತದೆ.

*ಹೆಣ್ಣು ಮಾತ್ರ ದಾಟುವ ತಡೆ.* ನಮ್ಮ ಅಭಿಪ್ರಾಯದಲ್ಲಿ ಮನೆಯವರಿಗೆ ಅತ್ಯುತ್ತಮವಾದದ್ದು ಇದೇ. ಆದರೆ ಒಂದು ಷರತ್ತು: ಹೆಣ್ಣು ಗಂಡಿಗಿಂತ ಸ್ಪಷ್ಟವಾಗಿ ಚಿಕ್ಕದಿರಬೇಕು. ಟ್ಯಾಂಕಿನ ಮೂರನೆಯ ಒಂದು ಭಾಗ ಹೆಣ್ಣಿಗೆ, ಉಳಿದದ್ದು ಗಂಡಿಗೆ ಬಿಟ್ಟು ನಡುವೆ ಅಕ್ರಿಲಿಕ್ ಶೀಟ್ ನಿಲ್ಲಿಸುತ್ತೇವೆ.

ಶೀಟ್ 5 ಮಿ.ಮೀ. ದಪ್ಪ ಇರಲಿ. ಇದಕ್ಕಿಂತ ತೆಳುವಾದದ್ದು ನೀರು ಹೀರಿ ಕೆಲವು ವಾರಗಳಲ್ಲಿ ಬಾಗುತ್ತದೆ, ಅಂಚಿನಲ್ಲಿ ಸಂದು ಬೀಳುತ್ತದೆ. ಅಕ್ರಿಲಿಕ್‌ಗೆ ಸಿಲಿಕೋನ್ ಸರಿಯಾಗಿ ಅಂಟುವುದಿಲ್ಲ, ಆದ್ದರಿಂದ ಶೀಟನ್ನು ಗಾಜಿಗೆ ಅಂಟಿಸಲು ಹೋಗಬೇಡಿ. ಟ್ಯಾಂಕಿನ ಎದುರು ಮತ್ತು ಹಿಂದಿನ ಗಾಜಿಗೆ ಒಂದಿಂಚು ಅಗಲದ ಎರಡೆರಡು ಗಾಜಿನ ಪಟ್ಟಿ ಅಂಟಿಸಿ ಕಾಲುವೆ ಮಾಡಿ, 48 ಗಂಟೆ ಒಣಗಲು ಬಿಟ್ಟು, ಶೀಟನ್ನು ಮೇಲಿಂದ ಜಾರಿಸಿ. ಸಿಲಿಕೋನ್ ಕೊಳ್ಳುವಾಗ ಬೂಷ್ಟುನಿರೋಧಕ ಎಂದು ಬರೆದಿರುವುದು ಬೇಡ, ಬಚ್ಚಲಮನೆಗೆ ಮಾಡಿದ ಅಂಥದ್ದು ಮೀನಿಗೆ ವಿಷ. ಶೀಟಿನ ಕೆಳಅಂಚು ತಳದ ಗಾಜಿಗೇ ತಾಗಬೇಕು. ಜಲ್ಲಿಯ ಮೇಲೆ ನಿಲ್ಲಿಸಿದರೆ ಒಂದೇ ರಾತ್ರಿಯಲ್ಲಿ ಅಡಿಯಿಂದ ತೋಡಿ ಆಚೆ ಬರುತ್ತವೆ. ಮೇಲಂಚು ಮುಚ್ಚಳದ ಗಾಜಿನವರೆಗೂ ಇರಬೇಕು, ಇಲ್ಲವಾದರೆ ಹಾರಿ ದಾಟುತ್ತವೆ.

ತೂತಿನ ಅಳತೆಯಲ್ಲೇ ಇದರ ಗೆಲುವು ಸೋಲು. ಹೆಣ್ಣಿನ ಬೆನ್ನಿನಿಂದ ಹೊಟ್ಟೆಯವರೆಗಿನ ಅಳತೆಗೆ 4–5 ಮಿ.ಮೀ. ಸೇರಿಸಿ. ಅಳೆಯಬೇಕಾದದ್ದು ಒಂದು ವಾರ ಚೆನ್ನಾಗಿ ತಿನ್ನಿಸಿ ಹೊಟ್ಟೆ ಮೊಟ್ಟೆಯಿಂದ ತುಂಬಿದಾಗ. ಅಂಗಡಿಯಿಂದ ತಂದ ದಿನ ಅಳೆದು ಕೊರೆದ ತೂತಿನಲ್ಲಿ ತುಂಬಿದ ಹೆಣ್ಣು ಸಿಕ್ಕಿಕೊಳ್ಳುತ್ತದೆ. ಅಂಚನ್ನು ಮರಳುಕಾಗದದಿಂದ ಉಜ್ಜಿ ನಯ ಮಾಡಿ, ಬೆನ್ನಿನ ಮುಳ್ಳು ತಗುಲಬಾರದು. ತೂತು ಒಂದೇ ಇದ್ದರೆ ಗಂಡು ಅದರ ಮುಂದೆಯೇ ಕಾಯುತ್ತದೆ, ಹೆಣ್ಣು ಗಂಡಿನ ಕಡೆ ಇದ್ದಾಗ ಹಿಂದಿರುಗಲಾರದು. ಬೇರೆ ಬೇರೆ ಎತ್ತರದಲ್ಲಿ ಮೂರು ಅಥವಾ ನಾಲ್ಕು ತೂತು ಇಡಿ. ಉಳಿದ ಶೀಟಿಗೆ ನೀರು ಓಡಾಡಲು 8 ಮಿ.ಮೀ. ತೂತುಗಳನ್ನು ಸಾಲಾಗಿ ಕೊರೆಸಿ.

ಮೊಟ್ಟೆಗೆ ಚಪ್ಪಟೆ ಕಲ್ಲು ಅಥವಾ ಮಗ್ಗುಲಾಗಿಸಿದ ಮಣ್ಣಿನ ಹೂಕುಂಡವನ್ನು ಗಂಡಿನ ಕಡೆಯಲ್ಲಿ, ತಡೆಗೆ ಒಂದು ಗೇಣು ದೂರದಲ್ಲಿಡಿ. ಟೈಲ್ಸ್ ಅಂಗಡಿಯ ಕಡಪ ಕಲ್ಲಿನ ತುಂಡು ಇದಕ್ಕೆ ಬಹಳ ಚೆನ್ನ, ಇಟ್ಟ ಮೊಟ್ಟೆ ಕಪ್ಪು ಮೈಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಭಾರದ ಕಲ್ಲು ಯಾವುದಿದ್ದರೂ ತಳದ ಗಾಜಿನ ಮೇಲೆಯೇ ಕೂರಬೇಕು. ಜಲ್ಲಿಯ ಮೇಲೆ ಇಟ್ಟರೆ ಮೀನು ಅಡಿ ತೋಡುತ್ತದೆ, ಕಲ್ಲು ಉರುಳಿ ಗಾಜು ಒಡೆಯುತ್ತದೆ.

*ಪೂರ್ತಿ ಜಾಲರಿ.* ರೆಡ್ ಡೆವಿಲ್, ಮೈಡಾಸ್‌ಗಳಿಗೆ, ಮತ್ತು ಗಂಡು ಹೆಣ್ಣು ಒಂದೇ ಗಾತ್ರದವಾಗಿದ್ದರೆ, ಇದೊಂದೇ ದಾರಿ. ಛಾವಣಿಯ ದೀಪಗಳಿಗೆ ಹಾಕುವ ಚೌಕುಳಿ ಪ್ಲಾಸ್ಟಿಕ್ ಜಾಲರಿಯನ್ನು ಟ್ಯಾಂಕಿನ ಅಳತೆಗೆ ಕತ್ತರಿಸಿ, ಅದೇ ಗಾಜಿನ ಕಾಲುವೆಯಲ್ಲಿ ನಿಲ್ಲಿಸಿ. ಮೀನುಗಳು ಒಂದನ್ನೊಂದು ನೋಡುತ್ತವೆ, ವಾಸನೆ ತಿಳಿಯುತ್ತದೆ, ಆದರೆ ಮುಟ್ಟಲಾಗುವುದಿಲ್ಲ. ಹೆಣ್ಣಿನ ಕಡೆಯಲ್ಲಿ ಕಲ್ಲನ್ನು ಜಾಲರಿಗೆ ಅಂಟಿಕೊಂಡಂತೆ ಇಡಿ. ಅದು ಅಲ್ಲಿ ಮೊಟ್ಟೆ ಇಟ್ಟಾಗ ಗಂಡು ಆಚೆಯಿಂದ ವೀರ್ಯ ಬಿಡುತ್ತದೆ.

ಆ ವೀರ್ಯ ಮೊಟ್ಟೆಯವರೆಗೆ ತಲುಪುವಂತೆ ಮಾಡುವುದು ನೀರಿನ ಹರಿವು. ಫಿಲ್ಟರಿನಿಂದ ನೀರು ಬೀಳುವ ಬಾಯಿ ಗಂಡಿನ ಕಡೆ, ನೀರು ಎಳೆಯುವ ಬಾಯಿ ಹೆಣ್ಣಿನ ಕಡೆ ಇರಬೇಕು. ತಿರುಗುಮುರುಗಾದರೆ ಮೊಟ್ಟೆಗಳೆಲ್ಲ ಬಿಳಿಯಾಗುತ್ತವೆ, ಜನ ಗಂಡು ಬಂಜೆ ಎಂದುಕೊಳ್ಳುತ್ತಾರೆ. ಸರಿಯಾಗಿಟ್ಟರೂ ಮೊದಲ ಸಲ ಅರ್ಧಕ್ಕರ್ಧ ಬಿಳಿಯಾಗುವುದುಂಟು. ಜಾಲರಿಯಿಂದ ದೂರದ ಅಂಚಿನವು ಮೊದಲು ಹೋಗುತ್ತವೆ. ಸಣ್ಣ ಕಲ್ಲು ಇಟ್ಟರೆ ಮೊಟ್ಟೆಗಳು ಒತ್ತೊತ್ತಾಗಿ ಹತ್ತಿರದಲ್ಲೇ ಬೀಳುತ್ತವೆ.

ಗಂಡು ಜಾಲರಿಗೆ ಮೂತಿ ಹೊಡೆದು ತುಟಿ ಗಾಯ ಮಾಡಿಕೊಂಡರೆ ಎರಡು ದಿನ ಅಪಾರದರ್ಶಕ ಹಾಳೆ ಅಡ್ಡ ಇಡಿ. ದೊಡ್ಡ ಮೀನುಗಳ ಟ್ಯಾಂಕಿನಲ್ಲಿ ಗಾಜಿನ ಹೀಟರನ್ನು ಬರಿದಾಗಿ ಬಿಡಬೇಡಿ, ಬಾಲದ ಏಟಿಗೆ ಒಡೆಯುತ್ತದೆ. ತೂತು ಕೊರೆದ ಪಿವಿಸಿ ಪೈಪಿನೊಳಗೆ ಇಡಿ.

ಮಲಾವಿ ಮೀನಿಗೆ ತಡೆ ಬೇಡ, ಗುಂಪು ಬೇಕು

ಆಫ್ರಿಕಾದ ಮಲಾವಿ ಸರೋವರದ ಔರಾಟಸ್, ಕೆನ್ಯಿಯಂಥ ಎಂಬುನಾಗಳೂ (ಬಂಡೆಗಳ ನಡುವೆ ಬದುಕುವ ಸಿಕ್ಲಿಡ್‌ಗಳು) ಜಗಳಗಂಟವೇ. ಆದರೆ ಇವು ಜೋಡಿ ಕಟ್ಟುವುದಿಲ್ಲ. ಹೆಣ್ಣು ಮೊಟ್ಟೆಯನ್ನು ಬಾಯಲ್ಲಿಟ್ಟುಕೊಂಡು ಮೂರು ವಾರ ಕಾಯುತ್ತದೆ, ಗಂಡಿನ ಪಾತ್ರ ಕೂಡುವಲ್ಲಿಗೆ ಮುಗಿಯಿತು. ಒಂದು ಗಂಡು, ಒಂದು ಹೆಣ್ಣು ಇಟ್ಟರೆ ಆ ಹೆಣ್ಣು ಸಾಯುವುದು ಖಚಿತ. 4 ಅಡಿ ಟ್ಯಾಂಕಿನಲ್ಲಿ ಒಂದು ಗಂಡಿಗೆ ಐದಾರು ಹೆಣ್ಣು ಇಟ್ಟರೆ ಏಟು ಹಂಚಿಹೋಗುತ್ತದೆ. ಔರಾಟಸ್‌ನಲ್ಲಿ ಹಳದಿ ಮೈಯಿಂದ ಕಪ್ಪಿಗೆ ತಿರುಗಿದ್ದು ಗಂಡು. ಕೆನ್ಯಿಯಲ್ಲಿ ಗಂಡು ಹಳದಿ, ಹೆಣ್ಣು ನೀಲಿ.

ಮರಿ ಕಡಿಮೆ, ಬಹಳವೆಂದರೆ 20–40. ಹಾಗಾಗಿ ಮರಿಗಳ ರಾಶಿ ಬೇಡ, ಬಣ್ಣದ ಟ್ಯಾಂಕೂ ಬೇಕು ಎನ್ನುವವರಿಗೆ ಇದು ಮಧ್ಯ ಅಮೆರಿಕದ ಮೀನಿಗಿಂತ ಉತ್ತಮ ಆಯ್ಕೆ. ಕೆನ್ನೆ ಉಬ್ಬಿ ಊಟ ಬಿಟ್ಟ ಹೆಣ್ಣನ್ನು ಎರಡು ವಾರದ ನಂತರ ಬೇರೆ ಟ್ಯಾಂಕಿಗೆ ಸಾಗಿಸಿ, ಮರಿ ಉಗುಳಿದ ಮೇಲೆ ಮೂರು ನಾಲ್ಕು ದಿನ ತಿನ್ನಿಸಿ ಹಿಂದಕ್ಕೆ ಬಿಡಿ. ಪಿಎಚ್ 7.8ರಿಂದ 8.5 ಬೇಕು. ಗಡಸು ಬೋರ್‌ವೆಲ್ ನೀರಿರುವ ಊರಿನವರಿಗೆ ಇದು ಅನುಕೂಲ. ನಲ್ಲಿ ನೀರಾದರೆ ಮೊದಲು ಆಂಟಿ ಕ್ಲೋರಿನ್ ಹಾಕಲೇಬೇಕು. ಔರಾಟಸ್, ಕೆನ್ಯಿ ಒಟ್ಟಿಗೆ ಇಟ್ಟರೆ ಮಿಶ್ರ ಮರಿಗಳಾಗುವ ಸಂಭವವಿದೆ. ಬ್ರೀಡಿಂಗ್ ಟ್ಯಾಂಕಿನಲ್ಲಿ ಒಂದೇ ಜಾತಿ.

ಜೋಡಿ ತರುವುದೋ, ಮರಿಯಿಂದ ಬೆಳೆಸುವುದೋ

ಅಂಗಡಿಯಲ್ಲಿ ‘ಬ್ರೀಡಿಂಗ್ ಪೇರ್’ ಎಂದು ಮಾರುವುದನ್ನು ನಂಬುವುದಾದರೆ ಅವು ಒಂದೇ ಟ್ಯಾಂಕಿನಲ್ಲಿ ತಡೆಯಿಲ್ಲದೆ ಇರುವುದನ್ನು ಕಣ್ಣಾರೆ ನೋಡಿರಬೇಕು. ಆದರೂ ಸಾಗಿಸಿ ತಂದು ಹೊಸ ಟ್ಯಾಂಕಿಗೆ ಬಿಟ್ಟಾಗ ಹೊಂದಾಣಿಕೆ ಮುರಿಯಬಹುದು. ಸಮಯವಿದ್ದರೆ 4–5 ಸೆಂ.ಮೀ.ಯ ಆರರಿಂದ ಎಂಟು ಮರಿ ತಂದು ಒಟ್ಟಿಗೆ ಬೆಳೆಸಿ. ಎರಡು ಮೀನು ಒಂದು ಮೂಲೆ ಹಿಡಿದು ಉಳಿದವನ್ನು ಓಡಿಸಲು ಶುರುಮಾಡಿದ ದಿನ ಜೋಡಿ ಸಿಕ್ಕಂತೆ. ಉಳಿದವನ್ನು ಅದೇ ವಾರ ಹೊರತೆಗೆಯಿರಿ. ಕಾನ್ವಿಕ್ಟ್ ಆರು ತಿಂಗಳೊಳಗೆ ಇಲ್ಲಿಗೆ ಬರುತ್ತದೆ, ರೆಡ್ ಡೆವಿಲ್‌ಗೆ ವರ್ಷ ಮೀರುತ್ತದೆ.

ದೊಡ್ಡವನ್ನೇ ಕೂಡಿಸುವುದಾದರೆ ಹೆಣ್ಣನ್ನು ಮೊದಲು ಬಿಟ್ಟು ಒಂದು ವಾರ ಆ ಜಾಗ ಅದರದಾಗಲು ಬಿಡಿ, ಗಂಡು ಆಮೇಲೆ. ಗಂಡಿನ ಟ್ಯಾಂಕಿಗೆ ಹೆಣ್ಣನ್ನು ಬಿಡಬೇಡಿ. ತಡೆ ತೆಗೆಯುವ ದಿನ ಹೆಣ್ಣಿನ ಹೊಟ್ಟೆಯಡಿ ನೋಡಿ: ಮೊಟ್ಟೆನಾಳ ಮೊಂಡಾಗಿ, ದಪ್ಪವಾಗಿ ಇಳಿಬಿದ್ದಿದ್ದರೆ ಅದು ಸಿದ್ಧ. ಗಂಡಿನದು ಮೊನಚು. ನಾಳ ಕಾಣದಿದ್ದರೆ ತಡೆ ತೆಗೆಯುವ ಮಾತೇ ಇಲ್ಲ.

ಬಾಯಿಗೆ ಬಾಯಿ ಕಚ್ಚಿ ತಿರುಗುವುದು, ಬಾಲ ಬಡಿಯುವುದು ಜೋಡಿಯಾಗುವ ಪರೀಕ್ಷೆ, ಅದಕ್ಕೆ ಹೆದರಬೇಡಿ. ನೋಡಬೇಕಾದದ್ದು ಹೆಣ್ಣು ಎದುರು ನಿಲ್ಲುತ್ತಿದೆಯೇ ಎಂದು. ಅದು ತಿರುಗಿ ಹೊಡೆಯುತ್ತಿರುವಷ್ಟು ಹೊತ್ತು ಬಿಡಿ. ರೆಕ್ಕೆ ಮಡಚಿ, ಮೈಬಣ್ಣ ಮಂಕಾಗಿ, ಮೇಲಿನ ಮೂಲೆಯಲ್ಲಿ ಓರೆಯಾಗಿ ನಿಂತರೆ ಆ ಕ್ಷಣವೇ ತಡೆ ಹಾಕಿ. ಬೆಳಗ್ಗೆ ನೋಡೋಣ ಎಂದರೆ ಬೆಳಗ್ಗೆ ಅದು ಇರುವುದಿಲ್ಲ. ಇದೇ ಕಾರಣಕ್ಕೆ ಮೊದಲ ಸಲ ಕೂಡಿಸುವುದು ದಿನವಿಡೀ ಮನೆಯಲ್ಲಿರುವ ಭಾನುವಾರವಾಗಲಿ. ನೀರನ್ನು 30 ಡಿಗ್ರಿಗೆ ಏರಿಸಿದರೆ ಬೇಗ ಇಡುತ್ತವೆ ಎನ್ನುವವರಿದ್ದಾರೆ, ಜಗಳವೂ ಅಷ್ಟೇ ಏರುತ್ತದೆ. 27ರಲ್ಲಿ ನಿಲ್ಲಿಸಿ.

ಮೊಟ್ಟೆ: ತಾಯ್ತಂದೆಯ ಬಳಿಯೋ, ಬೇರೆ ಟ್ಯಾಂಕಿನಲ್ಲೋ

ಹೊಂದಿದ ಜೋಡಿಯಾದರೆ ಅಲ್ಲೇ ಬಿಡಿ. ಇವು ಮರಿ ಸಾಕುವುದರಲ್ಲಿ ನಮಗಿಂತ ಸಮರ್ಥ: ಬಿಳಿ ಮೊಟ್ಟೆಯನ್ನು ಆರಿಸಿ ತಿನ್ನುತ್ತವೆ, ರೆಕ್ಕೆಯಿಂದ ನೀರು ಬೀಸುತ್ತವೆ, ಒಡೆದ ಮರಿಗಳನ್ನು ಗುಂಡಿಯಿಂದ ಗುಂಡಿಗೆ ಬಾಯಲ್ಲಿ ಸಾಗಿಸುತ್ತವೆ. ಮೈಡಾಸ್ ಮರಿಗಳಂತೂ ತಾಯ್ತಂದೆಯ ಮೈಮೇಲಿನ ಲೋಳೆಯನ್ನೇ ಕಡಿದು ತಿನ್ನುತ್ತವೆ, ಇದನ್ನು ಬೇರೆ ಟ್ಯಾಂಕಿನಲ್ಲಿ ಕೊಡಲಾಗದು. ಜಾಲರಿ ವಿಧಾನದಲ್ಲಿ ಹೆಣ್ಣೊಂದೇ ಕಾಯುತ್ತದೆ. ಚೌಕುಳಿಯ ಕಣ್ಣಿನಿಂದ ಮರಿ ಆಚೆ ಹೋದರೆ ಗಂಡು ಕಾಯಲೂಬಹುದು, ತಿನ್ನಲೂಬಹುದು.

ಎರಡು ಮೂರು ಸಲ ಮೊಟ್ಟೆ ತಿಂದ ಜೋಡಿಯಾದರೆ ಮಾತ್ರ ಕಲ್ಲನ್ನು ನೀರಿನೊಳಗೇ ಪಾತ್ರೆಗೆ ಇಳಿಸಿ, ಅದೇ ಟ್ಯಾಂಕಿನ ನೀರು ತುಂಬಿದ 40 ಲೀಟರ್ ಟ್ಯಾಂಕಿಗೆ ಸಾಗಿಸಿ. ಏರ್ ಸ್ಟೋನ್ ಗುಳ್ಳೆಗಳು ಮೊಟ್ಟೆಯ ಪಕ್ಕದಲ್ಲಿ ಏಳಲಿ, ನೇರ ಮೇಲೆ ಬೇಡ. ಶೇ 1ರ ಮಿಥಿಲೀನ್ ಬ್ಲೂ 10 ಲೀಟರಿಗೆ 1 ಮಿಲಿಯಂತೆ ಹಾಕಿದರೆ ಬೂಷ್ಟು ಹರಡುವುದಿಲ್ಲ. ಫಿಲ್ಟರ್ ಇರುವ ದೊಡ್ಡ ಟ್ಯಾಂಕಿಗೆ ಇದನ್ನು ಹಾಕಬೇಡಿ, ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಅಮೋನಿಯಾ ಏರುತ್ತದೆ.

27 ಡಿಗ್ರಿಯಲ್ಲಿ ಮೂರನೆಯ ದಿನ ಒಡೆಯುತ್ತವೆ. ಇನ್ನೂ ನಾಲ್ಕೈದು ದಿನ ಹೊಟ್ಟೆಯಡಿಯ ಹಳದಿ ಚೀಲವೇ ಊಟ, ಆಗ ಏನೂ ಹಾಕಬೇಡಿ. ಈಜಲು ಎದ್ದ ದಿನದಿಂದ ಆರ್ಟೀಮಿಯಾ ಮರಿ, ಅಂದರೆ ಉಪ್ಪುನೀರಿನ ಸಣ್ಣ ಸಿಗಡಿಯಂಥ ಜೀವಿಯ ಮರಿ. ಅದರ ಮೊಟ್ಟೆ ಒಡೆಸಲು ಒಂದು ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು, ಜೋರಾದ ಗಾಳಿ, 27–28 ಡಿಗ್ರಿ. 24ರಿಂದ 30 ಗಂಟೆಯಲ್ಲಿ ಒಡೆಯುತ್ತವೆ. ಸೋಸಿ, ಸಿಹಿನೀರಿನಲ್ಲಿ ತೊಳೆದು ದಿನಕ್ಕೆ ಮೂರು ನಾಲ್ಕು ಸಲ ಕೊಡಿ. ಬೇಯಿಸಿದ ಮೊಟ್ಟೆಯ ಹಳದಿ ಕೊಡುವ ರೂಢಿ ಬಿಡಿ, ತಿಂದದ್ದಕ್ಕಿಂತ ಕೊಳೆತದ್ದೇ ಹೆಚ್ಚಾಗಿ ಒಂದೇ ದಿನದಲ್ಲಿ ಮರಿಗಳು ಸಾಯುತ್ತವೆ. ದಿನಕ್ಕೆ ಹತ್ತನೆಯ ಒಂದು ಭಾಗ ನೀರನ್ನು ಏರ್ ಪೈಪಿನಿಂದ ಸೈಫನ್ ಮಾಡಿ. ಫಿಲ್ಟರ್ ಬಾಯಿಗೆ ಸ್ಪಂಜು ತೊಡಿಸಿ. ಕರೆಂಟ್ ಹೋಗುವ ಊರಾದರೆ ಬ್ಯಾಟರಿ ಏರ್ ಪಂಪ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ಮೂರು ನಾಲ್ಕು ವಾರಕ್ಕೆ ಕಾನ್ವಿಕ್ಟ್ ಜೋಡಿ ಮತ್ತೆ ಮೊಟ್ಟೆಗೆ ಸಿದ್ಧವಾಗುತ್ತದೆ, ಆಗ ಹಳೆಯ ಮರಿಗಳನ್ನೇ ಓಡಿಸಿ ತಿನ್ನುತ್ತದೆ. ಹೆಣ್ಣಿಗೆ ಏಟು ಬೀಳುವ ಇನ್ನೊಂದು ಸಮಯವೂ ಇದೇ: ಗಂಡು ಸಿದ್ಧ, ಹೆಣ್ಣು ಇನ್ನೂ ಸುಸ್ತು. ಮರಿಗಳನ್ನು ಅದಕ್ಕೆ ಮುಂಚೆಯೇ ಬೇರೆ ಮಾಡಿ, ಎರಡು ವಾರ ತಡೆ ಹಾಕಿ ಹೆಣ್ಣಿಗೆ ವಿಶ್ರಾಂತಿ ಕೊಡಿ.

ಮರಿಗಳು ಎಲ್ಲಿಗೆ ಹೋಗುತ್ತವೆ ಎಂಬುದನ್ನು ಮೊಟ್ಟೆಗಿಂತ ಮೊದಲೇ ತೀರ್ಮಾನಿಸಿರಿ. ಕಾನ್ವಿಕ್ಟ್ ಮರಿಯನ್ನು ಹೆಚ್ಚಿನ ಅಂಗಡಿಯವರು ಬೇಡವೆನ್ನುತ್ತಾರೆ, ಜ್ಯಾಕ್ ಡೆಂಪ್ಸಿಯನ್ನು 4 ಸೆಂ.ಮೀ. ಆದ ಮೇಲೆ ತೆಗೆದುಕೊಳ್ಳುತ್ತಾರೆ. ಕೆರೆ, ಬಾವಿ, ಹೊಳೆಗೆ ಒಂದು ಮರಿಯನ್ನೂ ಬಿಡಬೇಡಿ. ನಮ್ಮ ಬಿಸಿ ನೀರಿನಲ್ಲಿ ಇವು ಬದುಕುತ್ತವೆ, ಮರಿ ಮಾಡುತ್ತವೆ, ಅಲ್ಲಿನ ಸಣ್ಣ ಮೀನುಗಳನ್ನು ಮುಗಿಸುತ್ತವೆ. ಮರಿ ಸಾಕು ಎನಿಸಿದಾಗ ಕಲ್ಲು, ಕುಂಡ ಎರಡನ್ನೂ ತೆಗೆದು, ಹೀಟರನ್ನು 24 ಡಿಗ್ರಿಗೆ ಇಳಿಸಿ, ಆಹಾರ ದಿನಕ್ಕೊಮ್ಮೆ ಮಾತ್ರ ಕೊಡಿ. ಅಷ್ಟಾದರೂ ಬರಿ ಗಾಜಿನ ಮೇಲೆಯೇ ಇಟ್ಟರೆ ಗಂಡನ್ನು ಬೇರೆ ಟ್ಯಾಂಕಿಗೆ ಕಳಿಸಿ.